ಯು-ಬೋಟ್ ಬ್ಯಾಡ್ಜ್ ಪ್ರಮಾಣಪತ್ರ (1942): ದೋಣಿ ಯಾವುದೆಂದು ಹುಡುಕುವುದು ಹೇಗೆ?

ಪ್ರಶ್ನೆ

ಜರ್ಮನ್ ನೌಕಾಪಡೆಯ ಒಂದು ‘ಬೆಸಿಟ್ಸ್‌ಸಾಯ್ಗ್ನಿಸ್’ (ಪ್ರಶಸ್ತಿ ಪ್ರಮಾಣಪತ್ರ) ಕೈಯಲ್ಲಿದೆ, ಯು-ಬೋಟ್ (ಜರ್ಮನ್ ಜಲಾಂತರ್ಗಾಮಿ) ಯುದ್ಧ ಬ್ಯಾಡ್ಜ್‌ಗಾಗಿ ಕೊಟ್ಟದ್ದು. ಎ5 ಅಳತೆಯ ಅಚ್ಚಾದ ನಮೂನೆ, ಹೆಸರು ಮತ್ತು ಹುದ್ದೆ (ಮಾಶಿನೆನ್‌ಗೆಫ್ರೈಟರ್, ಎಂಜಿನ್ ವಿಭಾಗದ ಕೆಳದರ್ಜೆಯ ನಾವಿಕ) ಟೈಪ್ ಮಾಡಿದ್ದು. ತಾರೀಖು 1942ರ ಡಿಸೆಂಬರ್. ಊರಿನ ಜಾಗದಲ್ಲಿ ‘ಓ.ಯು.’ ಅಂತಷ್ಟೇ ಇದೆ. ಹದ್ದಿನ ಮೊಹರಿನಲ್ಲಿ ‘ಎಂ’ ಅಕ್ಷರ, ಅದರ ಮುಂದೆ ಐದು ಅಂಕಿ. ಕೆಳಗೆ ಫ್ಲೋಟಿಲ್ಲಾ (ದೋಣಿಗಳ ತುಕಡಿ) ಮುಖ್ಯಸ್ಥನ ಓದಲಾಗದ ಸಹಿ. ದೋಣಿಯ ಸಂಖ್ಯೆ ಎಲ್ಲೂ ಇಲ್ಲ. ಈತ ಯಾವ ದೋಣಿಯಲ್ಲಿದ್ದ ಎಂದು ತಿಳಿಯಲು ಎಲ್ಲಿಂದ ಶುರು ಮಾಡಬೇಕು? ಪತ್ರ ಅಸಲಿಯೇ ಎಂದು ನೋಡುವುದು ಹೇಗೆ?

ಉತ್ತರ 1

ದೋಣಿಯ ಸಂಖ್ಯೆ ಇಲ್ಲದಿರುವುದು ಮಾಮೂಲು, ಅದರಿಂದ ಅನುಮಾನ ಪಡಬೇಕಿಲ್ಲ. ‘ಓ.ಯು.’ ಎಂದರೆ ಘಟಕ ತಂಗಿದ್ದ ಜಾಗ. ಊರಿನ ಹೆಸರು ಬಯಲಾಗದಿರಲಿ ಅಂತ ಹಾಗೆ ಬರೆಯುತ್ತಿದ್ದರು. ಮೊಹರಿನ ‘ಎಂ’ ಸಂಖ್ಯೆ ನೌಕಾಪಡೆಯ ಫೀಲ್ಡ್‌ಪೋಸ್ಟ್ (ಸೇನಾ ಅಂಚೆ) ಸಂಖ್ಯೆ. ಅದು ಪತ್ರ ಕೊಟ್ಟ ಕಚೇರಿಯದು, ಅಂದರೆ ಹೆಚ್ಚಾಗಿ ಫ್ಲೋಟಿಲ್ಲಾದ್ದು. ಅದನ್ನೇ ದೋಣಿಯದೆಂದು ಹಿಡಿದು ಹೊರಟರೆ ದಾರಿ ತಪ್ಪುತ್ತೀರಿ. ಒಂದೇ ಸಂಖ್ಯೆ ಬೇರೆ ಬೇರೆ ಕಾಲದಲ್ಲಿ ಬೇರೆ ಘಟಕಗಳಿಗೆ ಹೋಗಿರುವುದೂ ಉಂಟು. ಹಾಗಾಗಿ 1942ರ ಕೊನೆಗೆ ಅದು ಯಾರದಾಗಿತ್ತು ಎಂದೇ ನೋಡಿ.

ಮುಂದಿನದು ಸಹಿ. ಆ ಹೊತ್ತಿಗೆ ಬ್ರೆಸ್ಟ್‌ನಲ್ಲಿ 1ನೇ ಫ್ಲೋಟಿಲ್ಲಾಕ್ಕೆ ವರ್ನರ್ ವಿಂಟರ್, 9ನೆಯದಕ್ಕೆ ಲೇಮನ್-ವಿಲೆನ್‌ಬ್ರೋಕ್, ಸೇಂಟ್ ನಜೇರ್‌ನಲ್ಲಿ 7ನೆಯದಕ್ಕೆ ಹರ್ಬರ್ಟ್ ಸೋಲರ್, ಲೋರಿಯಾಂನಲ್ಲಿ 10ನೆಯದಕ್ಕೆ ಗುಂಟರ್ ಕೂಂಕೆ ಮುಖ್ಯಸ್ಥರು. ಇವರ ಸಹಿಗಳ ಮಾದರಿ ಹುಡುಕಿ ಪಕ್ಕದಲ್ಲಿಟ್ಟು ನೋಡಿ, ಸಾಕಷ್ಟು ಸಿಗುತ್ತವೆ. ಹೊಂದದಿದ್ದರೆ ಉಳಿದ ಫ್ಲೋಟಿಲ್ಲಾಗಳತ್ತ ಹೋಗಿ.

ಆಮೇಲೆ ತಾರೀಖು. ಬ್ಯಾಡ್ಜ್‌ಗೆ ಸಾಮಾನ್ಯವಾಗಿ ಎರಡು ಗಸ್ತು ಮುಗಿದಿರಬೇಕಿತ್ತು. ಗಾಯಗೊಂಡವರಿಗೆ ಮೊದಲೇ ಸಿಗುತ್ತಿತ್ತು. ಪತ್ರ ಬರೆಯುತ್ತಿದ್ದದ್ದು ದೋಣಿ ಬಂದರಿಗೆ ಮರಳಿದ ಮೇಲೆ. ಆದ್ದರಿಂದ ಆ ಫ್ಲೋಟಿಲ್ಲಾದ ದೋಣಿಗಳಲ್ಲಿ ನವೆಂಬರ್-ಡಿಸೆಂಬರ್‌ನಲ್ಲಿ ಗಸ್ತು ಮುಗಿಸಿ ಬಂದವು ಯಾವುವೆಂದು ಯುಬೋಟ್ ಡಾಟ್ ನೆಟ್‌ನಲ್ಲಿರುವ ಗಸ್ತುಪಟ್ಟಿಯಿಂದ ತೆಗೆಯಿರಿ. ಕೆಲವೇ ದೋಣಿಗಳು ಉಳಿಯಬಹುದು. ಪಟ್ಟಿ ಬರೀ ಸುಳಿವು, ಪುರಾವೆಯಲ್ಲ: ಕೆಲವರಿಗೆ ಪತ್ರ ತಡವಾಗಿ ತಲುಪಿದೆ, ಕೆಲವರು ನಡುವೆ ದೋಣಿ ಬದಲಿಸಿದ್ದಾರೆ.

ಉತ್ತರ 2

ಹೆಸರಿನಿಂದ ದೋಣಿಗೆ ನೇರ ದಾರಿ ಇರುವುದು ಬರ್ಲಿನ್‌ನಲ್ಲಿ. ಜರ್ಮನ್ ಸೈನಿಕರ ದಾಖಲೆ ಇಡುತ್ತಿದ್ದ ಹಳೆಯ ಕಚೇರಿ ‘ವಾಸ್ಟ್’ನ (ಡಾಯ್ಚ ಡೀನ್ಸ್ಟ್‌ಷ್ಟೆಲೆ) ದಾಖಲೆಗಳು 2019ರ ಜನವರಿಯಿಂದ ಬುಂಡೆಸ್‌ಆರ್ಕಿವ್‌ನ (ಜರ್ಮನ್ ಕೇಂದ್ರ ಆರ್ಕೈವ್) ಕೈಯಲ್ಲಿವೆ. ಅರ್ಜಿಯಲ್ಲಿ ಪೂರ್ಣ ಹೆಸರು, ಜನ್ಮದಿನಾಂಕ, ಹುಟ್ಟೂರು ಬೇಕು. ಬರೀ ‘ಹಾನ್ಸ್ ಮ್ಯುಲರ್’ ಎಂದು ಕಳಿಸಿದರೆ ತಿಂಗಳುಗಟ್ಟಲೆ ಕಾದ ಮೇಲೆ ‘ಗುರುತಿಸಲಾಗಲಿಲ್ಲ’ ಎಂಬ ಉತ್ತರ ಬರುತ್ತದೆ. ಪತ್ರದ ಹಿಂಬದಿ ನೋಡಿ. ಪೆನ್ಸಿಲ್ ಟಿಪ್ಪಣಿಯಾಗಲಿ, ‘ಎನ್’ ಅಥವಾ ‘ಓ’ ಅಕ್ಷರದಿಂದ ಶುರುವಾಗುವ ಸೇವಾ ಸಂಖ್ಯೆಯಾಗಲಿ (ನಾರ್ತ್ ಸೀ, ಬಾಲ್ಟಿಕ್ ವಿಭಾಗಗಳು) ಇದ್ದರೆ ಹಾಗೆಯೇ ನಕಲು ಮಾಡಿ ಅರ್ಜಿಗೆ ಸೇರಿಸಿ.

ಯುದ್ಧ ದಿನಚರಿಯಲ್ಲಿ (ಕೆಟಿಬಿ) ಹೆಸರು ಸಿಕ್ಕೀತು ಎಂಬ ಆಸೆ ಇಟ್ಟುಕೊಳ್ಳಬೇಡಿ. ಅದರಲ್ಲಿರುವುದು ಸ್ಥಾನ, ಹವಾಮಾನ, ದಾಳಿ, ರೇಡಿಯೊ ಸಂದೇಶ. ಸಾಮಾನ್ಯ ನಾವಿಕನ ಹೆಸರು ಬರುವುದು ಗಾಯಗೊಂಡರೆ ಅಥವಾ ಅಲೆಗೆ ಕೊಚ್ಚಿಹೋದರೆ. ದೋಣಿ ಖಚಿತವಾದ ಮೇಲೆ ಮಾತ್ರ ಕೆಟಿಬಿ ಬೇಕಾಗುತ್ತದೆ. ಮೂಲಪ್ರತಿಗಳು ಫ್ರೈಬುರ್ಗ್‌ನ ಸೇನಾ ಆರ್ಕೈವ್‌ನಲ್ಲಿ, ಆರ್‌ಎಂ 98 ವರ್ಗದಲ್ಲಿವೆ. 1945ರಲ್ಲಿ ಟಾಂಬಾಖ್ ಕೋಟೆಯಲ್ಲಿ ಮಿತ್ರಪಕ್ಷದ ವಶವಾದ ನೌಕಾ ದಾಖಲೆಗಳನ್ನು ಲಂಡನ್ನಿಗೆ ಒಯ್ದು ಮೈಕ್ರೊಫಿಲ್ಮ್ ಮಾಡಿದ್ದರು. ಅದು ಅಮೆರಿಕದ ರಾಷ್ಟ್ರೀಯ ಆರ್ಕೈವ್‌ನಲ್ಲಿ ಟಿ-1022 ಹೆಸರಿನಲ್ಲಿದೆ. ಮುಳುಗಿದ ದೋಣಿಯ ಕೊನೆಯ ಗಸ್ತಿನ ದಿನಚರಿ ದೋಣಿಯ ಜೊತೆಗೇ ಹೋಯಿತು.

ಮುಳುಗಿದ ದೋಣಿಯಿಂದ ಬದುಕುಳಿದವರನ್ನು ಮಿತ್ರಪಕ್ಷ ಸೆರೆಹಿಡಿದಿದ್ದರೆ ಅದೃಷ್ಟ. ಬ್ರಿಟಿಷ್ ವಿಚಾರಣಾ ವರದಿಗಳ ಕೊನೆಯಲ್ಲಿ ಸಿಬ್ಬಂದಿಯ ಹೆಸರು, ಹುದ್ದೆ, ವಯಸ್ಸು ಪಟ್ಟಿಯಾಗಿರುತ್ತದೆ, ಅವು ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಆರ್ಕೈವ್‌ನಲ್ಲಿವೆ. ಸತ್ತಿದ್ದರೆ ಕೀಲ್ ಬಳಿಯ ಮೋಲ್ಟೆನೋರ್ಟ್ ಸ್ಮಾರಕದಲ್ಲಿ ದೋಣಿವಾರು ಹೆಸರುಗಳಿವೆ, ಫೋಕ್ಸ್‌ಬುಂಡ್‌ನ (ಜರ್ಮನ್ ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಸಂಸ್ಥೆ) ಸಮಾಧಿ ಹುಡುಕಾಟವೂ ಇದೆ.

ಉತ್ತರ 3

ಅಸಲಿತನದ ಬಗ್ಗೆ. ನೇರಳಾತೀತ ದೀಪದಡಿ ಕಾಗದ ನೀಲಿಬಿಳಿಯಾಗಿ ಹೊಳೆದರೆ ಅದು ಬಹುಶಃ ಯುದ್ಧಾನಂತರದ್ದು. ಹೊಳೆಯದಿದ್ದರೆ ಏನೂ ಸಾಬೀತಾಗದು, ಏಕೆಂದರೆ ಭರ್ತಿಯಾಗದ ಅಸಲಿ ನಮೂನೆಗಳೂ ಮಾರುಕಟ್ಟೆಗೆ ಬಂದಿವೆ, ಮೋಸ ಮಾಡುವವರಿಗೆ ಬೇಕಾದದ್ದೂ ಅವೇ. 10 ಪಟ್ಟು ಮಸೂರದಲ್ಲಿ ಅಕ್ಷರಗಳನ್ನು ನೋಡಿ: ಟೈಪ್‌ರೈಟರ್ ಕಾಗದವನ್ನು ಒತ್ತಿರುತ್ತದೆ, ಹಿಂಬದಿಯಲ್ಲಿ ಬೆರಳಿಗೆ ಸಿಗುತ್ತದೆ, ಲೇಸರ್ ಮುದ್ರಣವಾದರೆ ಪುಡಿ ಮೇಲ್ಮೈಯಲ್ಲೇ ಕೂತಿರುತ್ತದೆ. ಮೊಹರಿನ ಮಸಿ ನಾರಿನೊಳಗೆ ಇಳಿದು ಅಂಚು ತುಸು ಹರಡಿರಬೇಕು.

ಯು-ಬೋಟ್ ಪಡೆಯ ಮುಖ್ಯಸ್ಥ ಡ್ಯೋನಿಟ್ಸ್‌ನ ಸಹಿಯ ಪತ್ರಗಳಿಗೆ ಇನ್ನೊಂದು ಸುಲಭ ಪರೀಕ್ಷೆ ಇದೆ. ಆತ 1940ರ ಸೆಪ್ಟೆಂಬರ್‌ನಿಂದ ವೈಸ್ ಅಡ್ಮಿರಲ್, 1942ರ ಮಾರ್ಚ್‌ನಿಂದ ಅಡ್ಮಿರಲ್, 1943ರ ಜನವರಿ 30ರಿಂದ ಗ್ರ್ಯಾಂಡ್ ಅಡ್ಮಿರಲ್. ಸಹಿಯ ಕೆಳಗಿನ ಹುದ್ದೆ ತಾರೀಖಿಗೆ ಹೊಂದದಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಬ್ಯಾಡ್ಜ್ ಸ್ಥಾಪನೆಯಾದದ್ದು 1939ರ ಅಕ್ಟೋಬರ್ 13ರಂದು, ಅದಕ್ಕೂ ಮುಂಚಿನ ತಾರೀಖು ಇರಲಾರದು. ಸಹಿ ಅಚ್ಚಿನದಾಗಿದ್ದ ಮಾತ್ರಕ್ಕೆ ನಕಲಿ ಎನ್ನಬೇಡಿ.

ಪ್ರಶ್ನೆ ಕೇಳಿದವರು

ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ 14.3.21 ಎಂದಿದೆ. ಜನ್ಮದಿನಾಂಕವೇ ಇರಬಹುದೇ? ನಾನು ಈತನ ಸಂಬಂಧಿಯಲ್ಲ, ಅರ್ಜಿ ಹಾಕಬಹುದೇ?

ಉತ್ತರ 2

1942ರಲ್ಲಿ 21 ವರ್ಷದ ಗೆಫ್ರೈಟರ್, ಚೆನ್ನಾಗಿ ಹೊಂದುತ್ತದೆ. ಅರ್ಜಿ ಹಾಕಬಹುದು. ಜರ್ಮನ್ ಆರ್ಕೈವ್ ಕಾನೂನಿನಲ್ಲಿ ವ್ಯಕ್ತಿಯ ಕಡತಕ್ಕೆ ಸಾವಿನ ನಂತರ 10 ವರ್ಷ, ಸಾವಿನ ದಿನ ಗೊತ್ತಿಲ್ಲದಿದ್ದರೆ ಹುಟ್ಟಿನಿಂದ 100 ವರ್ಷ ರಕ್ಷಣೆ, 1921ರವರದು ಮುಗಿದಿದೆ. ಪತ್ರದ ಎರಡೂ ಬದಿಯ ಸ್ಕ್ಯಾನ್ ಲಗತ್ತಿಸಿ. ಹುಟ್ಟೂರು ಗೊತ್ತಿಲ್ಲವೆಂದು ಬರೆದುಬಿಡಿ, ಊಹಿಸಿ ತುಂಬಬೇಡಿ.