ಮೂರು ಗಂಟೆ ಸುಮ್ಮನಿದ್ದು ಕೊನೆಗೆ ಭಾಷಣ

ಅತ್ತಿಗೆ, ನೀವು ಹೇಳಿದ ‘ಡ್ರೈವ್ ಮೈ ಕಾರ್’ ಸಿನಿಮಾ ನೋಡಿ ಮುಗಿಸಿದೆ. ಹೇಗಿತ್ತು ಅಂತ ಕೇಳಿದ್ದೀರಿ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಈ ಉದ್ದದ ವಾಯ್ಸ್ ಮೆಸೇಜು. ಕೆಲಸ ಮಾಡುತ್ತಾ ಕೇಳಿ.

ನನಗೆ ಹಿಡಿಸಲಿಲ್ಲ. ತಡೆಯಿರಿ, ನಿಧಾನ ಅನ್ನುವ ಕಾರಣಕ್ಕೆ ಅಲ್ಲ.

ನೋಡದವರಿಗೆ ಕಥೆ ಹೇಳಿಬಿಡುತ್ತೇನೆ, ಪೂರ್ತಿ ಹೇಳುತ್ತೇನೆ, ಬೇಡದವರು ಇಲ್ಲೇ ನಿಲ್ಲಿಸಿ. ಜಪಾನಿನ ಹಮಗುಚಿ 2021ರಲ್ಲಿ ತೆಗೆದ ಸಿನಿಮಾ. ಮೂಲ ಮುರಕಾಮಿಯ ಸಣ್ಣಕಥೆ. ಕಫುಕು ಅಂತ ಒಬ್ಬ ನಾಟಕದವನು. ಹೆಂಡತಿ ಇನ್ನೊಬ್ಬನ ಜೊತೆ ಇರುವುದನ್ನು ಕಣ್ಣಾರೆ ನೋಡಿಯೂ ಬಾಯಿ ಬಿಡುವುದಿಲ್ಲ. ಒಂದು ದಿನ ಅವಳು, ಸಂಜೆ ಸ್ವಲ್ಪ ಮಾತಾಡುವುದಿದೆ ಅನ್ನುತ್ತಾಳೆ. ಆ ಮಾತಿಗೆ ಹೆದರಿ ಇವನು ಸುಮ್ನೆ ಕಾರಿನಲ್ಲಿ ಸುತ್ತಿ ತಡವಾಗಿ ಮನೆಗೆ ಬರುತ್ತಾನೆ. ಅಷ್ಟರಲ್ಲಿ ಮೆದುಳಿನ ರಕ್ತಸ್ರಾವದಿಂದ ಅವಳು ಹೋಗಿಬಿಟ್ಟಿರುತ್ತಾಳೆ. ಇಷ್ಟಾದ ಮೇಲೆ, ಸುಮಾರು 40 ನಿಮಿಷ ಕಳೆದ ಮೇಲೆ, ಸಿನಿಮಾದ ಟೈಟಲ್ ಕಾರ್ಡ್ ಬರುತ್ತದೆ! ಆ 40 ನಿಮಿಷ ನನಗೆ ಬಹಳ ಇಷ್ಟವಾಯಿತು.

ಎರಡು ವರ್ಷದ ನಂತರ ಅವನು ಹಿರೋಷಿಮಾಕ್ಕೆ ರಷ್ಯಾದ ಚೆಕಾಫ್‌ನ ‘ಅಂಕಲ್ ವಾನ್ಯಾ’ ನಾಟಕ ಆಡಿಸಲು ಹೋಗುತ್ತಾನೆ. ಅಲ್ಲಿ ಅವನ ಕೆಂಪು ಸಾಬ್ ಕಾರನ್ನು ಓಡಿಸಲು ಮಿಸಾಕಿ ಅನ್ನುವ ಹುಡುಗಿ ಬರುತ್ತಾಳೆ. ಕಾರಿನಲ್ಲಿ ಹೆಂಡತಿ ಓದಿಟ್ಟ, ಆ ನಾಟಕದ ಸಂಭಾಷಣೆಯ ಕ್ಯಾಸೆಟ್. ಸತ್ತವಳ ದನಿ ಸಾಲು ಹೇಳುತ್ತದೆ, ಇವನು ಉತ್ತರದ ಸಾಲು ಹೇಳುತ್ತಾನೆ. ದುಃಖ ಅಂದರೆ ಇದೇ ಅಲ್ವಾ? ಬೇರೆ ಏನೂ ಬೇಕಾಗಿರಲಿಲ್ಲ.

ರಿಹರ್ಸಲ್‌ನಲ್ಲಿ ಕಫುಕು ನಟರಿಗೆ ಹೇಳುವುದು ಒಂದೇ: ಭಾವ ತುಂಬಬೇಡಿ, ಬರೀ ಓದಿ. ನನ್ನ ತಕರಾರು ಇಲ್ಲೇ. ನಟರಿಗೆ ಕೊಟ್ಟ ಈ ಪಾಠವನ್ನು ಸಿನಿಮಾ ತಾನೇ ಪಾಲಿಸುವುದಿಲ್ಲ. ಹೆಂಡತಿಯ ಜೊತೆ ಇದ್ದವನು ಅಂತ ಇವನಿಗೆ ಅನುಮಾನವಿರುವ, ನಾಟಕದ ಒಬ್ಬ ನಟ ಹುಡುಗ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಮನುಷ್ಯ ತನ್ನ ಮನಸ್ಸನ್ನು ತಾನೇ ನೋಡಿಕೊಳ್ಳಬೇಕು ಅಂತ ಉದ್ದಕ್ಕೆ ಹೇಳುತ್ತಾನೆ. ಆಮೇಲೆ ಹೊಕ್ಕೈಡೊದ ಹಿಮದಲ್ಲಿ, ಭೂಕುಸಿತದಲ್ಲಿ ಬಿದ್ದುಹೋದ ಮಿಸಾಕಿಯ ಮನೆಯ ಮುಂದೆ, ಅವಳು ತನ್ನ ತಾಯಿಯ ಸಾವಿನ ತಪ್ಪು ಹೇಳಿಕೊಳ್ಳುತ್ತಾಳೆ. ಕಫುಕು ತನ್ನ ಹೆಂಡತಿಯದು. ಆವತ್ತೇ ಸರಿಯಾಗಿ ನೋವು ಪಡಬೇಕಿತ್ತು ಅಂತ ಬಾಯಿಬಿಟ್ಟು ಹೇಳಿಯೇಬಿಡುತ್ತಾನೆ. ಅಯ್ಯೋ, ಅದನ್ನೇ ತಾನೇ ನಾವು ಅಷ್ಟು ಹೊತ್ತು ಅವನ ಮುಖದಲ್ಲಿ ನೋಡುತ್ತಾ ಇದ್ದದ್ದು! ಒಗಟು ಬಿಡಿಸಿ ಕೆಳಗೆ ಉತ್ತರವನ್ನೂ ಬರೆದಿಟ್ಟ ಹಾಗಾಯಿತು. ಇಬ್ಬರೂ ಸರದಿಯಲ್ಲಿ ಹೇಳಿಕೊಂಡು, ಅಪ್ಪಿಕೊಂಡು, ಹಗುರಾದರು. ಹತ್ತಿರದವರನ್ನು ಕಳೆದುಕೊಂಡವರು ಅಷ್ಟು ಒಪ್ಪವಾದ ವಾಕ್ಯಗಳಲ್ಲಿ ಮಾತಾಡಿದ್ದನ್ನು ನಾನಂತೂ ಕಂಡಿಲ್ಲ. ಅರ್ಧ ಹೇಳಿ ಬೇರೆ ವಿಷಯಕ್ಕೆ ಹೋಗುತ್ತಾರೆ. ಇಲ್ಲವೇ ಸಿಟ್ಟಾಗುತ್ತಾರೆ.

ಇನ್ನೊಂದು. ಆ ಹೆಂಡತಿ ಓಟೊ ಯಾರು ಅಂತ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಸಾಯುವುದಕ್ಕೆ ಮುಂಚೆ ಅವಳು ಮನುಷ್ಯಳಾಗಿದ್ದಳು. ಆಮೇಲೆ ಇವರೆಲ್ಲ ಕೂತು ಚರ್ಚೆ ಮಾಡುವ ಸಮಸ್ಯೆಯಾದಳು.

ಪುಟ್ಟ ಗ್ರೂಪಿನಲ್ಲಿ ‘ಆಸ್ಕರ್ ಬಂದಿದೆ ಚಿಕ್ಕಪ್ಪ’ ಅಂತ ಹಾಕಿದ್ದಾನೆ. ಬಂದಿದೆ ಮಾರಾಯಾ, 2022ರಲ್ಲಿ, ಹೊರದೇಶದ ಸಿನಿಮಾಗಳ ವಿಭಾಗದಲ್ಲಿ. ಕಾನ್ ಚಿತ್ರೋತ್ಸವದಲ್ಲಿ ಚಿತ್ರಕಥೆಗೂ ಪ್ರಶಸ್ತಿ ಬಂದಿದೆ. ಅದಕ್ಕೇ ಜಾಸ್ತಿ ಆಸೆ ಇಟ್ಟುಕೊಂಡು ಕೂತಿದ್ದೆ. ಪ್ರಶಸ್ತಿ ಬಂತು ಅಂತ ನನಗೆ ಅಳು ಬರಬೇಕಾ?

ಅಳು ಬಂದದ್ದು ಒಂದೇ ಕಡೆ. ಕೊನೆಯ ನಾಟಕದಲ್ಲಿ ಸೋನ್ಯಾ ಪಾತ್ರದ ಹುಡುಗಿಗೆ ಮಾತು ಬರುವುದಿಲ್ಲ. ವಾನ್ಯಾ ಆಗಿ ಕೂತ ಕಫುಕುವನ್ನು ಹಿಂದಿನಿಂದ ತಬ್ಬಿ, ಅವನ ಮುಖದ ಮುಂದೆ ಕೊರಿಯಾದ ಸನ್ನೆ ಭಾಷೆಯಲ್ಲಿ ಎರಡು ಕೈಯಲ್ಲಿ ಮಾತಾಡುತ್ತಾಳೆ. ಸದ್ದೇ ಇಲ್ಲ. ಆ ಹಿಮದ ಮಾತುಕತೆ ಕತ್ತರಿಸಿ ನೇರ ಇಲ್ಲಿಗೆ ಬಂದಿದ್ದರೆ ನಾನು ನಿಮ್ಮ ಪಾರ್ಟಿಗೇ ಸೇರುತ್ತಿದ್ದೆ.

ನಿಮಗೆ ಆ ಹಿಮದ ದೃಶ್ಯವೇ ಇಷ್ಟ ಅಂದಿದ್ದೀರಿ. ಯಾಕೆ ಅಂತ ಹೇಳಿ, ಕೇಳುತ್ತೇನೆ. ಫೋನ್ ಮಾತ್ರ ಅಣ್ಣನ ಕೈಗೆ ಕೊಡಬೇಡಿ. ಟೈಟಲ್ ಬರುವ ಹೊತ್ತಿಗೇ ಅವರು ನಿದ್ದೆ ಹೋಗಿದ್ದರು ಅಂತ ಪುಟ್ಟ ಹೇಳಿದ್ದಾನೆ.