ಮೊಬೈಲ್ ಕಂಪನಿಯ ಕಂತಿನ ಫೋನು ಮತ್ತು ವರ್ಷಕ್ಕೇ ಬದಲಾಯಿಸುವ ಯೋಜನೆ: ತೆಗೆದುಕೊಳ್ಳಬಹುದೇ?

ಪ್ರಶ್ನೆ (ಕೌಲ್ ಬಜಾರ್, ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಾನು ತೋರಣಗಲ್ಲಿನ ಗುತ್ತಿಗೆ ಸಂಸ್ಥೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಈಗಿರುವ ಫೋನಿನ ಬ್ಯಾಟರಿ ಮಧ್ಯಾಹ್ನದ ಹೊತ್ತಿಗೇ ಕೈಕೊಡುತ್ತಿರುವುದರಿಂದ ಹೊಸದೊಂದನ್ನು ಕೊಳ್ಳಲೇಬೇಕಾಗಿದೆ. ಮೊಬೈಲ್ ಸೇವೆ ಒದಗಿಸುವ ಕಂಪನಿಯೊಂದರ ಮಳಿಗೆಯಲ್ಲಿ ವಿಚಾರಿಸಿದಾಗ ಅವರು ಮುಂದಿಟ್ಟ ಯೋಜನೆ ಹೀಗಿದೆ. ಫೋನಿನ ಬೆಲೆ 36,000 ರೂಪಾಯಿ; ಬಡ್ಡಿ ಇಲ್ಲದೆ ತಿಂಗಳಿಗೆ 1,500ರಂತೆ 24 ಕಂತು; ಪ್ರೊಸೆಸಿಂಗ್ ಫೀ 999 ರೂಪಾಯಿ. ಕಂತು ಮುಗಿಯುವವರೆಗೆ ಅವರದೇ 599 ರೂಪಾಯಿಯ ಪೋಸ್ಟ್‌ಪೇಯ್ಡ್ ಪ್ಲಾನಿನಲ್ಲಿ ಇರಬೇಕು. ಇದರ ಮೇಲೆ ತಿಂಗಳಿಗೆ 149 ರೂಪಾಯಿ ಕೊಟ್ಟರೆ, 12 ಕಂತು ಕಟ್ಟಿದ ನಂತರ ಈ ಫೋನನ್ನು ಮರಳಿಸಿ ಹೊಸ ಮಾಡೆಲ್ ತೆಗೆದುಕೊಳ್ಳಬಹುದು, ಉಳಿದ 12 ಕಂತು ಮನ್ನಾ ಆಗುತ್ತದೆ.

ಅದೇ ಫೋನನ್ನು ಬೆಂಗಳೂರು ರಸ್ತೆಯ ಅಂಗಡಿಯಲ್ಲಿ ನಗದಿಗೆ 33,500ಕ್ಕೆ ಕೊಡುವುದಾಗಿ ಹೇಳಿದರು. ಫೈನಾನ್ಸ್ ಕಂಪನಿಯ ಮೂಲಕ ನೋ ಕಾಸ್ಟ್ ಇಎಂಐ (ಬಡ್ಡಿಯ ಹೊರೆ ಇಲ್ಲವೆನ್ನುವ ತಿಂಗಳ ಕಂತು) ಬೇಕೆಂದರೆ ಬೆಲೆ ಪುನಃ 36,000, ತಿಂಗಳಿಗೆ 3,000ದಂತೆ 12 ಕಂತು, ಜಿಎಸ್‌ಟಿ ಸೇರಿ 354 ರೂಪಾಯಿ ಫೀ. ಈಗ ನಾನು 28 ದಿನಕ್ಕೆ 299 ರೂಪಾಯಿಯ ಪ್ರೀಪೇಯ್ಡ್ ರೀಚಾರ್ಜ್ ಮಾಡಿಸುತ್ತಿದ್ದು, ಅದರ ಡೇಟಾ ನನಗೆ ಸಾಕಾಗುತ್ತದೆ. ನಗದು ಕೊಡುವಷ್ಟು ಹಣ ಉಳಿತಾಯ ಖಾತೆಯಲ್ಲಿದೆ, ಆದರೆ ಒಮ್ಮೆಗೇ ತೆಗೆಯಲು ಮನಸ್ಸಿಲ್ಲ. ವರ್ಷಕ್ಕೊಮ್ಮೆ ಹೊಸ ಫೋನು ಸಿಗುತ್ತದೆ ಎಂಬ ಮಾತು ಮನೆಯವರಿಗೂ ಹಿಡಿಸಿದೆ. ಇಂಥ ಯೋಜನೆಯಿಂದ ನಿಜಕ್ಕೂ ಲಾಭವಿದೆಯೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ 1 (ಕೊಪ್ಪಳ, ನಿವೃತ್ತ ಬ್ಯಾಂಕ್ ನೌಕರ)

ಮಾನ್ಯರೇ, ನಿಮ್ಮ ಮುಂದಿರುವುದು ಒಂದು ಯೋಜನೆಯಲ್ಲ. ಒಂದು ಸಾಲ, ಒಂದು ದುಬಾರಿ ಪ್ಲಾನು ಮತ್ತು ಹಳೆಯ ಫೋನನ್ನು ಮುಂಗಡವಾಗಿಯೇ ಮಾರುವ ಒಂದು ಕರಾರು, ಈ ಮೂರನ್ನೂ ಸೇರಿಸಿ ಒಂದೇ ಬಿಲ್ಲಿನಲ್ಲಿ ಕೊಡುತ್ತಿದ್ದಾರೆ. ಬಿಡಿಸಿ ನೋಡದ ಹೊರತು ಯಾವುದರಲ್ಲಿ ಎಷ್ಟು ಹೋಗುತ್ತಿದೆ ಎಂಬುದು ತಿಳಿಯುವುದಿಲ್ಲ.

ಮೊದಲು ಪ್ಲಾನನ್ನು ನೋಡೋಣ, ಏಕೆಂದರೆ ಹೆಚ್ಚಿನ ಹಣ ಹೋಗುವುದು ಅಲ್ಲಿಯೇ. ಪ್ರೀಪೇಯ್ಡ್ ದರದಲ್ಲಿ ಜಿಎಸ್‌ಟಿ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ದರಕ್ಕೆ ಶೇ. 18 ಜಿಎಸ್‌ಟಿಯನ್ನು ಬಿಲ್ಲಿನಲ್ಲಿ ಮೇಲೆ ಹಾಕುತ್ತಾರೆ. ಹೀಗಾಗಿ 599 ಎಂದು ಫಲಕದಲ್ಲಿ ಬರೆದದ್ದು ನಿಮ್ಮ ಕೈಯಿಂದ ಹೋಗುವಾಗ ಸುಮಾರು 707 ರೂಪಾಯಿ ಆಗುತ್ತದೆ, 24 ತಿಂಗಳಿಗೆ 16,964. ನೀವು ಈಗ ಮಾಡಿಸುತ್ತಿರುವ ರೀಚಾರ್ಜ್ ವರ್ಷಕ್ಕೆ 13 ಬಾರಿ ಬೀಳುವುದರಿಂದ ಎರಡು ವರ್ಷಕ್ಕೆ 7,774 ರೂಪಾಯಿ. ವ್ಯತ್ಯಾಸ 9,190. ಹೆಚ್ಚಿನ ಡೇಟಾ ನಿಮಗೆ ಬೇಕಿಲ್ಲವೆಂದು ನೀವೇ ಬರೆದಿದ್ದೀರಿ. ಹಾಗಾದರೆ ಈ 9,190 ರೂಪಾಯಿಯನ್ನು ಫೋನಿನ ಬಡ್ಡಿಯೆಂದೇ ಲೆಕ್ಕಹಾಕಬೇಕು. 999ರ ಫೀ ಜಿಎಸ್‌ಟಿ ಸೇರಿ 1,179 ಆಗುತ್ತದೆ. ಫೋನಿನ 36,000 ಸೇರಿ ಒಟ್ಟು 46,369 ರೂಪಾಯಿ, ಅದೂ ಬದಲಾವಣೆಯ 149 ರೂಪಾಯಿಯನ್ನು ಸೇರಿಸದೆ. ಬೆಂಗಳೂರು ರಸ್ತೆಯಲ್ಲಿ ಅದೇ ಡಬ್ಬಿ 33,500ಕ್ಕೆ ಸಿಗುತ್ತಿದೆ.

ವರ್ಷಕ್ಕೇ ಬದಲಾಯಿಸುತ್ತೀರಿ ಎಂದುಕೊಳ್ಳೋಣ. 12 ಕಂತಿನ 18,000, ಬದಲಾವಣೆಯ ಶುಲ್ಕ 1,788, ಪ್ಲಾನಿನ ಹೆಚ್ಚುವರಿ 4,595, ಫೀ 1,179, ಹೀಗೆ 25,562 ರೂಪಾಯಿ ಕೊಟ್ಟು ಕೊನೆಗೆ ಬರಿಗೈಯಲ್ಲಿ ಮಳಿಗೆಯಿಂದ ಹೊರಬರುತ್ತೀರಿ, ಅಥವಾ ಹೊಸ 24 ಕಂತು ಹೊತ್ತು ಬರುತ್ತೀರಿ. ನಗದಿಗೆ ಕೊಂಡು ವರ್ಷದ ನಂತರ ಅರ್ಧ ಬೆಲೆಗೆ, ಅಂದರೆ ಸುಮಾರು 17,000ಕ್ಕೆ ಮಾರಿದರೂ ನಿಮ್ಮ ಖರ್ಚು 16,500 ಮಾತ್ರ. "ಮನ್ನಾ" ಎಂದು ಅವರು ಕರೆಯುವ 18,000 ರೂಪಾಯಿಗೆ ಪ್ರತಿಯಾಗಿ ಒಂದು ವರ್ಷದ ಒಳ್ಳೆಯ ಫೋನನ್ನೇ ನೀವು ಬಿಟ್ಟುಕೊಡುತ್ತಿದ್ದೀರಿ ಎಂಬುದನ್ನು ಮರೆಯಬೇಡಿ.

ಅಂಗಡಿಯ ನೋ ಕಾಸ್ಟ್ ಇಎಂಐ ಇದಕ್ಕಿಂತ ಎಷ್ಟೋ ವಾಸಿ, ಆದರೆ ಅದೂ ಪುಕ್ಕಟೆಯಲ್ಲ. ನಗದಿನವರಿಗೆ ಸಿಗುವ 2,500 ರೂಪಾಯಿ ರಿಯಾಯಿತಿ ನಿಮಗೆ ತಪ್ಪುತ್ತದೆ, ಮೇಲೆ 354 ಫೀ. ಪ್ರತಿ ತಿಂಗಳು ಅಸಲು ಕರಗುತ್ತಾ ಹೋಗುವುದನ್ನು ಗಣನೆಗೆ ತೆಗೆದುಕೊಂಡರೆ ಇದು ವಾರ್ಷಿಕ ಸುಮಾರು ಶೇ. 15.5ರ ಸಾಲವಾಗುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಫೀಯ ಒಳಗೆ ಮರೆಮಾಚಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಆ ಬಳಿಕ ಹೆಸರು "ನೋ ಕಾಸ್ಟ್" ಎಂದಾಯಿತು; ಬಡ್ಡಿಯನ್ನು ತೋರಿಸಿ ಅಷ್ಟನ್ನೇ ರಿಯಾಯಿತಿಯಾಗಿ ಕಳೆಯುವ ಪದ್ಧತಿ ಬಂದಿತು. ಕ್ರೆಡಿಟ್ ಕಾರ್ಡಿನಲ್ಲಾದರೆ ಆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ ಮಾತ್ರ ಗ್ರಾಹಕನ ತಲೆಗೇ ಬರುತ್ತದೆ.

ಉಳಿತಾಯ ಖಾತೆಯಲ್ಲಿ ಮಲಗಿರುವ ಹಣಕ್ಕೆ ಶೇ. 2.5ರ ಆಸುಪಾಸು ಬಡ್ಡಿ ಬರುತ್ತಿರುವಾಗ ಶೇ. 15ರ ಸಾಲ ಮಾಡುವುದಕ್ಕೆ ನನಗಂತೂ ಕಾರಣ ಕಾಣುವುದಿಲ್ಲ.

ಉತ್ತರ 2 (ರಾಯಚೂರು, ನಿಜಲಿಂಗಪ್ಪ ಕಾಲೊನಿ)

ಕೊಪ್ಪಳದ ಹಿರಿಯರ ಲೆಕ್ಕಕ್ಕೆ ನಾನು ಸೇರಿಸುವುದು ಕಡಿಮೆ. ಆದರೆ ಈ ಪದ್ಧತಿ ಬಹಳ ಹರಡಿರುವ ಅಮೆರಿಕದಲ್ಲಿ ಅದು ಹೇಗಿದೆ ಎಂಬುದನ್ನು ಹೇಳುತ್ತೇನೆ, ಏಕೆಂದರೆ ನನ್ನ ಮಗಳು ಮತ್ತು ಅಳಿಯ ಟೆಕ್ಸಸ್‌ನಲ್ಲಿದ್ದು, ಅವರ ಫೋನುಗಳೆಲ್ಲವೂ ಕಂತಿನವೇ.

ಅಮೆರಿಕದಲ್ಲಿ ಮೊದಲು ಎರಡು ವರ್ಷದ ಕರಾರಿಗೆ ಸಹಿ ಮಾಡಿದರೆ ದುಬಾರಿ ಫೋನನ್ನು 199 ಡಾಲರಿಗೆ ಕೊಡುತ್ತಿದ್ದರು. ಉಳಿದ ಬೆಲೆಯನ್ನು ತಿಂಗಳ ಬಿಲ್ಲಿನಲ್ಲಿ ಸದ್ದಿಲ್ಲದೆ ವಸೂಲು ಮಾಡುತ್ತಿದ್ದರು. 2013ರ ಮಾರ್ಚ್‌ನಲ್ಲಿ ಟಿ-ಮೊಬೈಲ್ ಕಂಪನಿ ಆ ಕರಾರನ್ನು ಕೈಬಿಟ್ಟು ಫೋನಿನ ಬೆಲೆಯನ್ನೂ ಸೇವೆಯ ಬೆಲೆಯನ್ನೂ ಬೇರೆ ಮಾಡಿತು. ಅದೇ ಜುಲೈನಲ್ಲಿ ತಿಂಗಳಿಗೆ 10 ಡಾಲರಿನ ಜಂಪ್ ಎಂಬ ಯೋಜನೆಯನ್ನು ತಂದಿತು. ಆರು ತಿಂಗಳು ಕಳೆದ ಮೇಲೆ ವರ್ಷಕ್ಕೆ ಎರಡು ಬಾರಿ ಫೋನು ಬದಲಾಯಿಸಬಹುದಿತ್ತು, ವಿಮೆಯೂ ಅದರಲ್ಲಿಯೇ ಸೇರಿತ್ತು. ಕೆಲವೇ ವಾರಗಳಲ್ಲಿ ಎಟಿ ಆ್ಯಂಡ್ ಟಿ ನೆಕ್ಸ್ಟ್ ಎಂಬ ಹೆಸರಿನಲ್ಲಿ, ವೆರೈಝನ್ ಎಡ್ಜ್ ಎಂಬ ಹೆಸರಿನಲ್ಲಿ ಅದನ್ನೇ ಹಿಂಬಾಲಿಸಿದವು. 2015ರ ಸೆಪ್ಟೆಂಬರಿನಲ್ಲಿ ಆ್ಯಪಲ್ ತಾನೇ 24 ಕಂತಿನ ಯೋಜನೆ ತೆರೆದು, 12 ಕಂತು ಕಟ್ಟಿದವರಿಗೆ ಹೊಸ ಐಫೋನಿಗೆ ಬದಲಾಯಿಸಿಕೊಳ್ಳುವ ಅವಕಾಶ ಕೊಟ್ಟಿತು.

ಅಲ್ಲಿ ಇದು ನಡೆಯುತ್ತದೆ, ಏಕೆಂದರೆ ಹೆಚ್ಚಿನವರು ಹೇಗೂ ಪೋಸ್ಟ್‌ಪೇಯ್ಡ್ ಗ್ರಾಹಕರೇ. ಫೋನು ಕಂತಿನದಾದರೂ ನಗದಿನದಾದರೂ ಅವರ ತಿಂಗಳ ಪ್ಲಾನು ಬದಲಾಗುವುದಿಲ್ಲ. ನಮ್ಮಲ್ಲಿ ಬಹುಪಾಲು ಜನ ಪ್ರೀಪೇಯ್ಡ್. 2011ರ ಜನವರಿಯಿಂದ ನಂಬರ್ ಉಳಿಸಿಕೊಂಡೇ ಕಂಪನಿ ಬದಲಾಯಿಸುವ ಸೌಲಭ್ಯವೂ ದೇಶದ ಎಲ್ಲೆಡೆ ಇದೆ. ನಿಮ್ಮ ಯೋಜನೆಗೆ ಸೇರಿದ ದಿನವೇ ನೀವು ಆ ಸ್ವಾತಂತ್ರ್ಯವನ್ನು ಎರಡು ವರ್ಷಕ್ಕೆ ಒತ್ತೆ ಇಟ್ಟಂತೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ಮೂರೂ ಒಂದೇ ವಾರದಲ್ಲಿ ದರ ಏರಿಸಿದ್ದು ನೆನಪಿರಬಹುದು. ಆಗ ಎಷ್ಟೋ ಜನ ಬಿಎಸ್‌ಎನ್‌ಎಲ್‌ಗೆ ನಂಬರ್ ವರ್ಗಾಯಿಸಿಕೊಂಡರು. ಕಂತಿನಲ್ಲಿ ಸಿಕ್ಕಿಕೊಂಡವರಿಗೆ ಆ ದಾರಿ ಇರುವುದಿಲ್ಲ. ನಿಮ್ಮ ಪ್ಲಾನಿನ 599 ಎರಡು ವರ್ಷವೂ 599 ಆಗಿಯೇ ಇರುತ್ತದೆ ಎಂದು ಬರವಣಿಗೆಯಲ್ಲಿ ಕೊಟ್ಟಿದ್ದಾರೆಯೇ ಎಂಬುದನ್ನು ಮೊದಲು ಕೇಳಿ.

ಇನ್ನೊಂದು ತೊಡಕು ನಮ್ಮ ಮನೆಯಲ್ಲಿಯೇ ಕಂಡಿದ್ದು. ಮಗಳು ರಜೆಗೆ ಬಂದಾಗ ಅವಳ ಫೋನಿಗೆ ಇಲ್ಲಿಯ ಸಿಮ್ ಹಾಕಿದರೆ ಅದು ಸ್ವೀಕರಿಸಲೇ ಇಲ್ಲ. ಕಂತು ಪೂರ್ತಿ ತೀರುವವರೆಗೆ ಫೋನನ್ನು ತಮ್ಮ ಜಾಲಕ್ಕೇ ಬೀಗ ಹಾಕಿಟ್ಟಿರುತ್ತೇವೆ ಎಂದು ಅಲ್ಲಿಯ ಕಂಪನಿಯವರು ಹೇಳಿದರಂತೆ. ರಜೆ ಮುಗಿಯುವವರೆಗೂ ಅವಳು ನನ್ನ ಹಳೆಯ ಫೋನನ್ನೇ ಬಳಸಿದಳು.

ಉತ್ತರ 3 (ಗಂಗಾವತಿ, ಮೊಬೈಲ್ ಅಂಗಡಿಯವನು)

ಹಿರಿಯರಿಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೆ ಕಂತೆಂದರೆ ಮೋಸವೇ ಎಂಬ ಅರ್ಥ ಬರುವಂತಿದ್ದರೆ ನನ್ನ ತಕರಾರಿದೆ. ಕೈಯಲ್ಲಿ 33,500 ಇರುವವರಿಗೆ ನಗದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ನನ್ನ ಅಂಗಡಿಗೆ ಬರುವ ಹತ್ತು ಜನರಲ್ಲಿ ಅಂಥವರು ಎಷ್ಟು? ಮಗಳ ಡಿಪ್ಲೊಮಾ ಆನ್‌ಲೈನ್ ತರಗತಿಗೆ ಫೋನು ಬೇಕೇಬೇಕು, ಸಂಬಳ 14,000 ಎನ್ನುವ ರೈಸ್ ಮಿಲ್ ಗುಮಾಸ್ತನಿಗೆ ಕಂತು ಬಿಟ್ಟರೆ ಕೈಸಾಲವೇ ಗತಿ, ಮತ್ತು ಕೈಸಾಲದ ಬಡ್ಡಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಗಿಂತ ಕಡಿಮೆ ಇರುವುದು ಅಪರೂಪ. ಮೇಲಾಗಿ ಹಲವು ಮಾಡೆಲುಗಳಲ್ಲಿ ನಗದಿನ ಬೆಲೆಯೂ ಇಎಂಐ ಬೆಲೆಯೂ ಒಂದೇ ಇರುತ್ತದೆ, ಬಡ್ಡಿಯನ್ನು ಫೋನ್ ತಯಾರಕರೇ ಭರಿಸುತ್ತಾರೆ. ಅಂಥ ಕಡೆ ಫೀ ಒಂದನ್ನು ಬಿಟ್ಟರೆ ಗ್ರಾಹಕನಿಗೆ ಹೊರೆಯಿಲ್ಲ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ "ಇಎಂಐ ಎಷ್ಟು" ಎಂಬುದಲ್ಲ, "ನಗದಾದರೆ ಎಷ್ಟು" ಎಂಬುದು.

ನಮ್ಮ ಭಾಗದಲ್ಲಿ ಕಂತು ಕೆಡುವುದು ಬೇರೆ ಕಾರಣಕ್ಕೆ. ಕಂತು ತಿಂಗಳಿಗೊಮ್ಮೆ ಬರುತ್ತದೆ, ಭತ್ತದ ಹಣ ವರ್ಷಕ್ಕೆ ಎರಡು ಬಾರಿ ಬರುತ್ತದೆ, ಅದೂ ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಗೂ ನೀರು ಸಿಕ್ಕರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದ ವಾರ ನನ್ನ ಅಂಗಡಿಯಲ್ಲಿ ಕಂತಿನ ಫೋನು ಕೇಳುವವರೇ ಇರಲಿಲ್ಲ. ಆ ವಿಷಯದಲ್ಲಿ ನಮ್ಮ ರೈತರು ಫೈನಾನ್ಸ್ ಕಂಪನಿಗಳಿಗಿಂತ ಜಾಣರು. ಖಾತೆಯಲ್ಲಿ ಹಣವಿಲ್ಲದ ದಿನ ಕಂತು ವಾಪಸಾದರೆ ಬ್ಯಾಂಕಿನ ದಂಡ ಒಂದು, ಸಾಲ ಕೊಟ್ಟವರ ದಂಡ ಇನ್ನೊಂದು, ಜೊತೆಗೆ ಸಿಬಿಲ್ ಅಂಕ (ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ) ಕುಸಿಯುತ್ತದೆ. ಮುಂದೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಈ ಫೋನಿನ ಕಂತು ಎದುರು ಬಂದು ನಿಲ್ಲುತ್ತದೆ. ಹಳಬರಿಗೆ ನೆನಪಿರಬಹುದು, 2003ರಲ್ಲಿ ರಿಲಯನ್ಸ್ ಕಂಪನಿ ಮಾನ್ಸೂನ್ ಹಂಗಾಮಾ ಎಂದು 501 ರೂಪಾಯಿಗೆ ಫೋನು ಕೈಗೆ ಕೊಟ್ಟು ಉಳಿದದ್ದನ್ನು ತಿಂಗಳ ಬಿಲ್ಲಿಗೆ ಸೇರಿಸಿತ್ತು. ಬಿಲ್ಲು ಕಟ್ಟದೆ ಬಿಟ್ಟವರ ಬಾಕಿಯೇ ಕಂಪನಿಗೆ ದೊಡ್ಡ ತಲೆನೋವಾಯಿತು.

ಇನ್ನು ಬಳ್ಳಾರಿಯವರು ಕೇಳಿದ ವರ್ಷದ ಬದಲಾವಣೆಯ ವಿಷಯ. ಫೋನನ್ನು ಮರಳಿ ಪಡೆಯುವಾಗ ಅವರು ಹೇಗೆ ನೋಡುತ್ತಾರೆ ಎಂಬುದು ನನಗೆ ದಿನವೂ ಕಾಣುವ ಕೆಲಸ. ಡಿಸ್‌ಪ್ಲೇಯನ್ನು ಪೂರ್ತಿ ಬಿಳಿ ಮಾಡಿ ಚುಕ್ಕೆಯೋ ಹಸಿರು ಗೆರೆಯೋ ಇದೆಯೇ ಎಂದು ನೋಡುತ್ತಾರೆ. ಆಮೇಲೆ ದೀಪದ ಕೆಳಗೆ ಓರೆಯಾಗಿ ಹಿಡಿದು ಗಾಜಿನ ಮೇಲಿನ ಕೂದಲೆಳೆಯ ಬಿರುಕು ಹುಡುಕುತ್ತಾರೆ. ಮೂಲೆಯ ಫ್ರೇಮ್ ತಗ್ಗಾಗಿದೆಯೇ, ಕ್ಯಾಮೆರಾ ಗಾಜಿನೊಳಗೆ ಧೂಳು ಹೊಕ್ಕಿದೆಯೇ, ಚಾರ್ಜಿಂಗ್ ಪಿನ್ ಸಡಿಲವೇ, ಡಿಸ್‌ಪ್ಲೇ ಹೊರಗೆಲ್ಲಾದರೂ ಬದಲಾಗಿದೆಯೇ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಬಳ್ಳಾರಿಯ ಬಿಸಿಲಿಗೆ, ಅದಿರಿನ ಕೆಂಪು ಧೂಳಿಗೆ ಒಡ್ಡಿಕೊಂಡ ಫೋನು ವರ್ಷದ ಮೇಲೆ ಈ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆಯುವುದು ಕಷ್ಟ. ಒಂದು ಬಿರುಕು ಕಂಡರೆ "ಮನ್ನಾ" ಎಂದದ್ದು ಅರ್ಧವಾಗಬಹುದು ಅಥವಾ ತಪ್ಪಿಯೇ ಹೋಗಬಹುದು. ಆದರೆ ಅಷ್ಟು ತಿಂಗಳು ಕಟ್ಟಿದ 149 ರೂಪಾಯಿ ಮಾತ್ರ ಮರಳುವುದಿಲ್ಲ.

ಅಷ್ಟಕ್ಕೂ ವರ್ಷಕ್ಕೆ ಬದಲಾಯಿಸುವ ಅಗತ್ಯವೇ ಕಡಿಮೆಯಾಗುತ್ತಿದೆ. 2023ರಲ್ಲಿ ಬಂದ ಪಿಕ್ಸೆಲ್ 8ಕ್ಕೂ 2024ರ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷದ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುವುದಾಗಿ ತಯಾರಕರೇ ಹೇಳಿದ್ದಾರೆ. ಅಂಗಡಿಯವನಾಗಿ ನಾನು ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ: ನಿಮ್ಮ ಹಳೆಯ ಫೋನಿಗೆ ಬ್ಯಾಟರಿಯೊಂದೇ ತೊಂದರೆಯಾದರೆ, ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಬದಲಾಯಿಸಲು ಎಷ್ಟಾಗುತ್ತದೆ ಎಂದು ಮೊದಲು ವಿಚಾರಿಸಿ.

ಪ್ರಶ್ನೆ ಕೇಳಿದವರು (ಕೌಲ್ ಬಜಾರ್, ಬಳ್ಳಾರಿ)

ಮೂವರಿಗೂ ಧನ್ಯವಾದಗಳು. ಪೋಸ್ಟ್‌ಪೇಯ್ಡ್‌ಗೆ ಜಿಎಸ್‌ಟಿ ಬೇರೆ ಎಂಬುದನ್ನು ಮಳಿಗೆಯಲ್ಲಿ ಯಾರೂ ಹೇಳಿರಲಿಲ್ಲ. ಹಳೆಯ ಫೋನಿನ ಡಿಸ್‌ಪ್ಲೇಯೂ ಒಡೆದಿರುವುದರಿಂದ ಬ್ಯಾಟರಿ ಮಾತ್ರ ಬದಲಾಯಿಸಿ ಪ್ರಯೋಜನವಿಲ್ಲ. ಕಂಪನಿಯ ಯೋಜನೆಯನ್ನು ಬಿಟ್ಟಿದ್ದೇನೆ. 15,000 ಮುಂಗಡ ಕೊಟ್ಟು ಉಳಿದದ್ದನ್ನು ಆರು ಕಂತು ಮಾಡಿಸಿಕೊಳ್ಳುವ ವಿಚಾರವಿದೆ. ಹಾಗೆ ಮಾಡುವುದಾದರೆ ಸಹಿ ಹಾಕುವ ಮೊದಲು ಏನೇನು ನೋಡಬೇಕು? ನಡುವೆ ಫೋನು ಕಳುವಾದರೆ ಗತಿಯೇನು?

ಉತ್ತರ 4 (ಕೊಪ್ಪಳ, ನಿವೃತ್ತ ಬ್ಯಾಂಕ್ ನೌಕರ)

ಫೋನು ಕಳುವಾದರೂ ಸಾಲ ಉಳಿಯುತ್ತದೆ, ಕಂತು ನಿಲ್ಲಿಸುವಂತಿಲ್ಲ. ಪೊಲೀಸ್ ದೂರು ಕೊಟ್ಟು, ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ನಮೂದಿಸಿ ಫೋನನ್ನು ಬ್ಲಾಕ್ ಮಾಡಿಸಬಹುದು. ಅದಕ್ಕಾಗಿ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಸಹಿಗೆ ಮೊದಲು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆಯನ್ನು ಕೇಳಿ ಪಡೆಯಿರಿ. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಅದನ್ನು ಕೊಡುವುದು ಕಡ್ಡಾಯವಾಗಿದೆ, ಫೀಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿಯೇ ಇರುತ್ತದೆ. ಅಲ್ಲಿ ಬರೆದ ಸಾಲದ ಮೊತ್ತ, ಫೋನಿನ ಬೆಲೆಯಿಂದ ನಿಮ್ಮ ಮುಂಗಡ ಕಳೆದಷ್ಟೇ ಇದೆಯೇ ಎಂದು ತಾಳೆ ನೋಡಿ. ಹೆಚ್ಚಿದ್ದರೆ ಡಿಸ್‌ಪ್ಲೇ ವಿಮೆಯೋ, ಹೆಚ್ಚುವರಿ ವಾರಂಟಿಯೋ, ಕಾರ್ಡಿನ ಶುಲ್ಕವೋ ಒಳಗೆ ಸೇರಿಕೊಂಡಿದೆ ಎಂದೇ ಅರ್ಥ. ಬೇಡವಾದದ್ದನ್ನು ಅಲ್ಲಿಯೇ ತೆಗೆಸಿ. ಕಂತು ತಪ್ಪಿದರೆ ಫೋನನ್ನು ದೂರದಿಂದಲೇ ಲಾಕ್ ಮಾಡುವ ಆ್ಯಪ್ ಹಾಕುತ್ತಾರೆಯೇ ಎಂದು ಕೇಳಿ. ಅವಧಿಗೆ ಮೊದಲೇ ತೀರಿಸಿದರೆ ಶುಲ್ಕವಿದೆಯೇ ಎಂಬುದನ್ನೂ ಓದಿಕೊಳ್ಳಿ. ಸ್ಥಿರ ಬಡ್ಡಿಯ ಇಂಥ ಸಾಲಗಳಲ್ಲಿ ಅದು ಇರಬಹುದು. ಕಂತಿನ ದಿನಾಂಕ ನಿಮ್ಮ ಸಂಬಳದ ದಿನಕ್ಕಿಂತ ಮೂರು ನಾಲ್ಕು ದಿನ ಹಿಂದಕ್ಕೆ ಬೀಳದಂತೆ ನೋಡಿಕೊಳ್ಳಿ.

ಕೊನೆಯ ಕಂತು ಹೋದ ಮೇಲೆ ಬಾಕಿ ಇಲ್ಲವೆಂಬ ಪತ್ರವನ್ನು ಬರವಣಿಗೆಯಲ್ಲಿ ತೆಗೆದುಕೊಂಡು, ಖಾತೆಯಿಂದ ಹಣ ಎಳೆಯಲು ಕೊಟ್ಟ ಒಪ್ಪಿಗೆಯನ್ನು ಬ್ಯಾಂಕಿನಲ್ಲಿ ರದ್ದುಗೊಳಿಸಿ. ಒಂದೆರಡು ತಿಂಗಳ ನಂತರ ಸಿಬಿಲ್ ವರದಿ ತೆಗೆದು ಆ ಸಾಲದ ಎದುರು ಮುಕ್ತಾಯ ಎಂದು ದಾಖಲಾಗಿದೆಯೇ ಎಂದು ನೋಡಿರಿ. ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿಯೇ ಸಿಗುತ್ತದೆ.