ಟೆಂಪರರಿ ಸ್ಟೇಟಸ್‌ನಲ್ಲಿ ದುಡಿದ 22 ವರ್ಷ ಪೆನ್ಷನ್ ಲೆಕ್ಕಕ್ಕೇ ಇಲ್ವಾ?

ಪ್ರಶ್ನೆ (ಮಗಳು_ಕೇಳ್ತಿದೀನಿ)

ಎಲ್ರಿಗೂ ನಮಸ್ಕಾರ. ಅಪ್ಪ ಒಂದು ಸೆಂಟ್ರಲ್ ಗವರ್ನಮೆಂಟ್ ಆಫೀಸಲ್ಲಿ 1989ರಿಂದ ದಿನಗೂಲಿ, ಗುಡಿಸೋದು ಫೈಲ್ ಹೊರೋದು ಎಲ್ಲಾ ಮಾಡ್ತಿದ್ರು, 1-9-1993ಕ್ಕೆ ಟೆಂಪರರಿ ಸ್ಟೇಟಸ್ (ದಿನಗೂಲಿಗೂ ಪರ್ಮನೆಂಟ್‌ಗೂ ಮಧ್ಯದ ದರ್ಜೆ) ಸಿಕ್ತು, ಆದ್ರೆ ಪರ್ಮನೆಂಟ್ ಆಗಿದ್ದು 1-9-2015ಕ್ಕೆ, ಎಂಟಿಎಸ್ (ಮಲ್ಟಿ ಟಾಸ್ಕಿಂಗ್ ಸ್ಟಾಫ್) ಅಂತ. ಆಗಸ್ಟ್ 2024ರಲ್ಲಿ ರಿಟೈರ್ ಆದ್ರು. ಈಗ ಆಫೀಸ್‌ನವ್ರು ನಿಮ್ದು ಬರೀ 9 ವರ್ಷ ಸರ್ವಿಸ್, 2004 ಆದ್ಮೇಲೆ ಪರ್ಮನೆಂಟ್ ಆಗಿರೋದ್ರಿಂದ ಎನ್‌ಪಿಎಸ್ಸೇ (ಸಂಬಳದಲ್ಲಿ ಹಿಡಿದು ಕಟ್ಟೋ ಹೊಸ ಪೆನ್ಷನ್), ಅದರ ದುಡ್ಡು ತಗೊಂಡು ಹೊರಬರೋ ಎಕ್ಸಿಟ್ ಫಾರ್ಮ್‌ಗೆ ಸೈನ್ ಹಾಕಿ ಅಂತಿದಾರೆ. ಅಪ್ಪ ಹಾಕ್ಬಿಡ್ತೀನಿ ಬಿಡಮ್ಮ ಅಂತಾರೆ. ಹಾಕ್ಬೋದಾ?

ಹಳೇ_ಬಿಲ್_ಕ್ಲರ್ಕ್

ಸೈನ್ ಹಾಕಿಸ್ಬೇಡಿ ಮೇಡಂ, ಮೊದ್ಲು ಅದು.

ದಿನಗೂಲಿಯವ್ರಿಗೆ ಟೆಂಪರರಿ ಸ್ಟೇಟಸ್ ಕೊಟ್ಟ ಕೇಂದ್ರದ 1993ರ ಸ್ಕೀಮಲ್ಲೇ ಬರ್ದಿದೆ, ರೆಗ್ಯುಲರ್ ಆದ್ಮೇಲೆ ಟೆಂಪರರಿ ಸ್ಟೇಟಸ್ ಸರ್ವಿಸಲ್ಲಿ ಅರ್ಧ ನಿವೃತ್ತಿ ಸೌಲಭ್ಯಕ್ಕೆ ಎಣಿಸ್ಬೇಕು ಅಂತ. ನಿಮ್ಮ ತಂದೆಯವ್ರದು 22 ವರ್ಷ, ಅರ್ಧ 11, ರೆಗ್ಯುಲರ್ 9, ಒಟ್ಟು 20. ಇನ್ನು 2004ರ ಮಾತು, ಅದು ಹಳೇ ಕಥೆ. ಕೋರ್ಟ್‌ಗಳಲ್ಲಿ ಸೋತ ಮೇಲೆ ಡಿಒಪಿಟಿನೇ (ಕೇಂದ್ರದ ಸಿಬ್ಬಂದಿ ಇಲಾಖೆ) 26-2-2016ಕ್ಕೆ ಆದೇಶ ಹೊರಡಿಸಿ, ಈ ಸ್ಕೀಮಿನವ್ರು 1-1-2004 ಆದ್ಮೇಲೆ ರೆಗ್ಯುಲರ್ ಆಗಿದ್ರೂ ಹಳೇ ಪೆನ್ಷನ್ನು, ಜಿಪಿಎಫ್ಫು (ಸರ್ಕಾರಿ ನೌಕರರ ಭವಿಷ್ಯ ನಿಧಿ) ಎರಡೂ ಉಂಟು ಅಂತ ಒಪ್ಕೊಂಡಿದೆ. ಆಫೀಸಲ್ಲಿ ಆ ಫೈಲ್ ಯಾರೂ ತೆಗ್ದು ನೋಡಿಲ್ಲ ಅಷ್ಟೇ.

ಈಗ ಅಸಲು ವಿಷ್ಯ. ಪೆನ್ಷನ್‌ಗೆ ಕನಿಷ್ಠ 10 ವರ್ಷ ಅರ್ಹ ಸೇವೆ ಬೇಕು, 9 ಅಂದ್ರೆ ಪೆನ್ಷನ್ನೇ ಇಲ್ಲ. 10 ದಾಟಿದ್ರೆ ಸಾಕು ಕೊನೇ ಬೇಸಿಕ್ಕಿನ ಅರ್ಧ ಬರತ್ತೆ, ಮೊದ್ಲಿನ ಹಾಗೆ 33 ವರ್ಷದ ಲೆಕ್ಕ ಈಗಿಲ್ಲ. ಗ್ರಾಚುಯಿಟಿ ಹಾಗಲ್ಲ, ಅಲ್ಲಿ ಒಂದೊಂದು ಆರು ತಿಂಗಳಿಗೂ ಕಾಲು ತಿಂಗಳ ಬೇಸಿಕ್ಕು ಪ್ಲಸ್ ಡಿಎ ಬರೋದು. 9 ವರ್ಷಕ್ಕೆ ನಾಲ್ಕೂವರೆ ತಿಂಗಳದ್ದು, 20 ವರ್ಷಕ್ಕೆ ಹತ್ತು ತಿಂಗಳದ್ದು. ವ್ಯತ್ಯಾಸ ನೀವೇ ನೋಡಿ.

89ರಿಂದ 93ರ ದಿನಗೂಲಿ ಮಾತು ಅರ್ಜೀಲಿ ಎತ್ಬೇಡಿ, ಅದಿಲ್ದೇನೇ ನಿಮ್ಮ ಕೆಲಸ ಆಗತ್ತೆ, ಅದನ್ನ ಸೇರ್ಸಿದ್ರೆ ಅದನ್ನೇ ನೆಪ ಮಾಡ್ಕೊಂಡು ಫೈಲ್ ಕೂರಿಸ್ತಾರೆ.

ಎನ್ಎಂಆರ್_ಮಗ

ಇದನ್ನ ಓದಿ ರಾಜ್ಯ ಸರ್ಕಾರದ ದಿನಗೂಲಿಯವ್ರು ಆಸೆ ಇಟ್ಕೊಂಡುಬಿಡ್ಬೇಡಿ, ನಾನು ಇಟ್ಕೊಂಡಿದ್ದೆ. ಆ ಸ್ಕೀಮ್ ಕೇಂದ್ರದ್ದು ಮಾತ್ರ, ಅದೂ 10-9-1993ಕ್ಕೆ ಕೆಲಸದಲ್ಲಿದ್ದು ವರ್ಷಕ್ಕೆ 240 ದಿನ, ವಾರಕ್ಕೆ ಐದು ದಿನದ ಆಫೀಸಾದ್ರೆ 206 ದಿನ, ಮಾಡಿದ್ದೋರಿಗೆ. ಕರ್ನಾಟಕದಲ್ಲಿ ಉಮಾದೇವಿ ಕೇಸ್ 2006 (ದಿನಗೂಲಿಯವ್ರು ಪರ್ಮನೆಂಟ್ ಮಾಡಿ ಅಂತ ಹಕ್ಕಾಗಿ ಕೇಳೋ ಹಾಗಿಲ್ಲ ಅಂದ ಸುಪ್ರೀಂ ಕೋರ್ಟ್ ತೀರ್ಪು), ಆಮೇಲೆ 2012ರ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ, ಆ ದಾರೀನೇ ಬೇರೆ. ನಮ್ಮಪ್ಪ ಅದೇ ಕಾಯ್ದೇಲಿ 60ರ ತನಕ ದುಡಿದ್ರು, ಪರ್ಮನೆಂಟ್ ಅನ್ನೋ ಪದ ಕೇಳಲೇ ಇಲ್ಲ.

ಮಗಳು_ಕೇಳ್ತಿದೀನಿ

ಸರ್ ತುಂಬಾ ಥ್ಯಾಂಕ್ಸ್. ಆದ್ರೆ ಟೆಂಪರರಿ ಸ್ಟೇಟಸ್ ಆರ್ಡರ್ ಕಾಪಿ ಆಫೀಸಲ್ಲಿ ಸಿಕ್ತಿಲ್ಲ ಅಂತಾರೆ. ನಿನ್ನೆ ಅಟ್ಟದ ಮೇಲಿನ ಟ್ರಂಕ್ ಇಳಿಸಿದ್ವಿ, ಅಮ್ಮ ಸೀರೆ ಮಧ್ಯೆ ಮಡಚಿಟ್ಟಿದ್ದ ಸಂಬಳದ ಚೀಟಿಗಳು ಸಿಕ್ವು, 1997ದೊಂದರಲ್ಲಿ ಜಿಪಿಎಫ್ ಅಂತ ಹಿಡಿದಿದಾರೆ, ಪಕ್ಕದಲ್ಲಿ ನಂಬರೂ ಇದೆ. ಇದು ಉಪಯೋಗಕ್ಕೆ ಬರತ್ತಾ?

ಹಳೇ_ಬಿಲ್_ಕ್ಲರ್ಕ್

ಬರತ್ತಾ ಅಂತ ಕೇಳ್ತೀರಲ್ಲ, ಚಿನ್ನ ಅದು! ಟೆಂಪರರಿ ಸ್ಟೇಟಸ್ ಸಿಕ್ಕಿ ಮೂರು ವರ್ಷ ಸತತ ಸರ್ವಿಸ್ ಆದೋರಿಗೆ ಮಾತ್ರ ಜಿಪಿಎಫ್ ಹಿಡೀತಿದ್ರು, 93ಕ್ಕೆ ಮೂರು ಸೇರಿಸಿ, 96. ಅಂದ್ರೆ ಸ್ಟೇಟಸ್ ಇತ್ತು ಅನ್ನೋದಕ್ಕೆ ಅವ್ರದೇ ಚೀಟಿ ಸಾಕ್ಷಿ. ಅದ್ರ ಜೆರಾಕ್ಸ್ ಇಟ್ಟು (ಒರಿಜಿನಲ್ ಯಾವ ಕಾರಣಕ್ಕೂ ಕೊಡ್ಬೇಡಿ) 2016ರ ಆದೇಶದ ತಾರೀಖು ಬರ್ದು, ಹೆಡ್ ಆಫ್ ಆಫೀಸಿಗೆ ಅರ್ಜಿ ಕೊಟ್ಟು, ಸೀಲ್ ಹಾಕಿಸ್ಕೊಂಡು ಒಂದು ಕಾಪಿ ವಾಪಸ್ ತಗೊಳ್ಳಿ. ಸಿಪೆನ್‌ಗ್ರಾಮ್ಸ್‌ನಲ್ಲೂ (ಕೇಂದ್ರದ ಪೆನ್ಷನ್ ದೂರಿನ ವೆಬ್‌ಸೈಟ್) ಒಂದು ಕಂಪ್ಲೇಂಟ್ ಹಾಕಿ. ಆಗಲ್ಲ ಅಂತ ಬರವಣಿಗೇಲಿ ಕೊಟ್ರೆ ಒಂದು ವರ್ಷದೊಳಗೆ ಸಿಎಟಿಗೆ (ಕೇಂದ್ರ ನೌಕರರ ಕೇಸ್ ನೋಡೋ ನ್ಯಾಯಮಂಡಳಿ) ಹೋಗ್ಬೇಕು, ಅದನ್ನ ಮರೀಬೇಡಿ.

ಮಗಳು_ಕೇಳ್ತಿದೀನಿ

ಅಪ್ಪಂಗೆ ಓದಿ ಹೇಳ್ದೆ. ಏನೂ ಮಾತಾಡ್ಲಿಲ್ಲ, ಎಕ್ಸಿಟ್ ಫಾರ್ಮ್ ತಗೊಂಡು ಹೋಗಿ ಅದೇ ಟ್ರಂಕಲ್ಲಿಟ್ಟು ಬೀಗ ಹಾಕಿದ್ರು. ಸೋಮವಾರ ಅರ್ಜಿ ಕೊಡ್ತೀವಿ.